ಬೇರೆಯವಳ ತಲೆಗೆ ನಿನ್ನ ಹೆಸರು

ಗಿರಿಜಾ, ಆ ಎಕ್ಸ್‌ರೇ ನಿನ್ನದಲ್ಲ. ಮಣಿಪಾಲದ ಡಾಕ್ಟರು ನೋಡಿ "ಕ್ಲಿಯರ್ ಉಂಟು" ಎಂದದ್ದು, ಅಮ್ಮ ನಿನ್ನ ಜಾತಕದ ಜೊತೆ ಕಪಾಟಿನಲ್ಲಿಟ್ಟದ್ದು, ಕಾಪುವಿನ ನಿನ್ನ ಗಂಡನ ಮನೆಯವರಿಗೆ ನಾನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದು — ಅದು ಪೆರ್ಡೂರಿನ ಯಾರೋ ಹೆಂಗಸಿನ ತಲೆ. ಅದರ ಮೂಲೆಯಲ್ಲಿ ನಿನ್ನ ಹೆಸರು ಬರೆದವನು ನಾನು, ನಿನ್ನ ಒಡಹುಟ್ಟಿದ ಅಣ್ಣ. ಹದಿಮೂರು ವರ್ಷ ಇದನ್ನು ನುಂಗಿಕೊಂಡು ಕೂತೆ.

ಇನ್ನೊಂದಿದೆ. ಅದನ್ನೇ ಮೊದಲು ಹೇಳಬೇಕಿತ್ತು, ಬಾಯಿ ಬರಲಿಲ್ಲ. ನಿನ್ನ ಎಡಕಿವಿಯ ಮೇಲಿನ ಗಾಯ ಮೆಟ್ಟಿಲಿನಿಂದ ಬಿದ್ದು ಆದದ್ದಲ್ಲ.

ನನಗೆ ಹೆಣ್ಣು ಕೊಡುವವರು ಕಾರ್ಕಳದ ನಮ್ಮ ಮನೆ ನೋಡಲು ಬಂದ ದಿನ ಅದು. ನಿನಗೆ ಹದಿನೇಳು. ಕಾಫಿಯ ತಟ್ಟೆ ಹಿಡಿದು ಚಾವಡಿಗೆ ಬಂದವಳು ನಡುವೆಯೇ ನಿಂತುಬಿಟ್ಟೆ. ತುಟಿ ಚಪ್ಪರಿಸತೊಡಗಿದೆ, ಒಂದು ಕೈ ದಾವಣಿಯ ಅಂಚನ್ನು ಹಿಂಜುತ್ತಿತ್ತು, ಇನ್ನೊಂದು ಕೈಯ ತಟ್ಟೆ ವಾಲಿ ಕುದಿಯುವ ಕಾಫಿ ಹುಡುಗಿಯ ಸೋದರಮಾವನ ತೊಡೆಯ ಮೇಲೆ ಬಿತ್ತು. ಆತ ಬೊಬ್ಬೆ ಹೊಡೆದು ಎದ್ದ. ನೀನು ಅವನ ಮುಖ ನೋಡಿ — ಈಗ ಗೊತ್ತು, ನೀನು ಏನನ್ನೂ ನೋಡುತ್ತಿರಲಿಲ್ಲ — ನಕ್ಕೆ.

"ನಿಮ್ಮ ಹುಡುಗಿಗೆ ಎಂತದೋ ಉಂಟು ಮಾರಾಯ್ರೆ, ಮೊದಲು ಅದನ್ನು ಸರಿ ಮಾಡಿಸಿ," ಎಂದು ಹೇಳಿ ಅವರು ಹೊರಟುಹೋದರು. ಅಮ್ಮ ಅವರ ಹಿಂದೆಯೇ ಗೇಟಿನವರೆಗೆ ಓಡಿದಳು. ನಾನು ಬಾಗಿಲು ಮುಚ್ಚಿದೆ. ಮರದ ಅಗುಳಿಯನ್ನು ಹಾಕಲು ಎತ್ತಿದವನು ಹಾಕಲಿಲ್ಲ, ನಿನ್ನತ್ತ ತಿರುಗಿದೆ. ಒಂದು ಏಟು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಎರಡು. ಮೊದಲನೆಯದು ಬೆನ್ನಿಗೆ, ಎರಡನೆಯದು ತಲೆಗೆ. ನೆತ್ತರು ಕಿವಿಯ ಮೇಲಿನಿಂದ ಕುತ್ತಿಗೆಗೆ ಇಳಿಯಿತು. ನೀನು ಕೂಗಲಿಲ್ಲ, ಕೈ ಅಡ್ಡ ತರಲಿಲ್ಲ, ನಿನ್ನ ತುಟಿ ಹಾಗೆಯೇ ಆಡುತ್ತಿತ್ತು — ಆ ತುಟಿಯನ್ನು ಕಂಡು ನನಗೆ ಮೂರನೆಯದನ್ನೂ ಹೊಡೆಯಬೇಕೆನಿಸಿತ್ತು.

ಆಮೇಲೆ ನಿನಗೆ ಎಚ್ಚರ ಬಂತು. ಕೈಗೆ ಅಂಟಿದ್ದನ್ನು ನೋಡಿಕೊಂಡು ಕೇಳಿದೆ: "ಅಣ್ಣ, ರಕ್ತ ಎಂತಕ್ಕೆ?"

"ನೀನು ಮೆಟ್ಟಿಲಿನಿಂದ ಬಿದ್ದದ್ದು," ಎಂದೆ.

ನಂಬಿದೆ. ನಂಬದೆ ಏನು ಮಾಡುತ್ತೀ, ಆ ಗಳಿಗೆ ನಿನ್ನ ತಲೆಯೊಳಗೆ ಇರಲೇ ಇಲ್ಲವಲ್ಲ. ಅಮ್ಮನಿಗೂ ಅದನ್ನೇ ಹೇಳಿದೆ. ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದವನೂ ನಾನೇ.

ಅಲ್ಲಿಯವರೆಗೆ ನಿನಗೆ ಆಗಾಗ ಬರುತ್ತಿದ್ದದ್ದು ಹಾಗೆ ನಿಂತಲ್ಲೇ ಕವಿಯುವ ಮಂಕು ಮಾತ್ರ. ಮೂರು ತಿಂಗಳಾದ ಮೇಲೆ ದೊಡ್ಡ ಅಪಸ್ಮಾರ ಬಂತು. ಬಾವಿಕಟ್ಟೆಯ ಬಳಿ ಬಿದ್ದು, ಮೈಯೆಲ್ಲ ಸೆಟೆದು, ನಾಲಿಗೆ ಕಚ್ಚಿಕೊಂಡು, ಬಾಯಿ ತುಂಬ ಕೆಂಪು ನೊರೆ. ಊರವರು ಕೈಗೆ ಕಬ್ಬಿಣದ ಬೀಗದಕೈ ತುರುಕಿದರು. ನಾನು ದೂರ ನಿಂತು ತಿಂಗಳು ಎಣಿಸುತ್ತಿದ್ದೆ. ನನ್ನ ಏಟಿನಿಂದಲೇ ಇದು ಬಂತು — ಅಂದು ಹೊಕ್ಕ ಆ ಭಯ ಮತ್ತೆ ಬಿಡಲಿಲ್ಲ.

ಮಣಿಪಾಲದ ಡಾಕ್ಟರು ಕೇಳಿದರು, "ತಲೆಗೆ ಏಟು ಬಿದ್ದದ್ದು ಉಂಟಾ?" ನೀನು ಬಾಯಿ ತೆರೆಯುವ ಮೊದಲೇ ನಾನು ಇಲ್ಲವೆಂದೆ. ತಲೆಯ ಎಕ್ಸ್‌ರೇ ತೆಗೆಸಲು ಬರೆದುಕೊಟ್ಟರು. ನಾನು ಆಗ ಉಡುಪಿಯ ಒಂದು ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕಿದ್ದೆನಲ್ಲ, ನಿನ್ನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ನಿನ್ನ ಕೆನ್ನೆಯನ್ನು ಮೇಜಿಗೆ ಒತ್ತಿ "ಉಸಿರು ಹಿಡಿ" ಎಂದವನೂ ನಾನೇ. ಕತ್ತಲೆ ಕೋಣೆಯ ಕೆಂಪು ದೀಪದಡಿ ಫಿಲ್ಮನ್ನು ಮದ್ದಿನ ನೀರಿನಲ್ಲಿ ಅದ್ದಿ ಆಡಿಸುತ್ತಿದ್ದಾಗ ಮೊದಲು ಬುರುಡೆ ಮೂಡಿತು, ಆಮೇಲೆ ಎಡಕಿವಿಯ ಮೇಲೆ ಒಂದು ಬಿಳಿ ಚುಕ್ಕೆ. ಹೆಸರುಕಾಳಿನಷ್ಟು, ಪುಡಿಪುಡಿ ಸುಣ್ಣದ ಹಾಗೆ. ನಾನು ಹೊಡೆದದ್ದು ಅಲ್ಲಿಗೇ.

ನಾನು ಅರೆಬರೆ ಕಲಿತವನು. ಹಳೆಯ ನೆತ್ತರು ಒಳಗೇ ಹೆಪ್ಪುಗಟ್ಟಿ ಸುಣ್ಣವಾಗುತ್ತದೆ ಎಂದು ಯಾರೋ ಡಾಕ್ಟರು ಹೇಳಿದ್ದನ್ನು ಕೇಳಿದ್ದೆ. ಮುಗಿಯಿತು — ಇದು ನನ್ನ ಅಗುಳಿಯ ಗುರುತು, ಇದನ್ನು ನೋಡಿದ ತಕ್ಷಣ ಡಾಕ್ಟರಿಗೆ ಗೊತ್ತಾಗುತ್ತದೆ, ಅಮ್ಮನಿಗೆ ಗೊತ್ತಾಗುತ್ತದೆ, ನಿನಗೆ —

ಹಿಂದಿನ ದಿನ ಪೆರ್ಡೂರಿನ ಹೆಂಗಸೊಬ್ಬಳ ತಲೆಯ ಫಿಲ್ಮ್ ತುಸು ಓರೆಯಾಗಿ ಬಂದಿತ್ತೆಂದು ಇನ್ನೊಂದು ತೆಗೆದಿದ್ದೆ. ಓರೆಯಾದದ್ದು ಮೂಲೆಯಲ್ಲಿ ಬಿದ್ದಿತ್ತು. ನಮ್ಮಲ್ಲಿ ಹೆಸರನ್ನು ಬಿಳಿ ಶಾಯಿಯಿಂದ ಕೈಯಲ್ಲೇ ಬರೆಯುವುದು. ಹಳೆಯ ಹೆಸರು ಕೆರೆದು ನಿನ್ನದನ್ನು ಬರೆದೆ. ನಿನ್ನ ಫಿಲ್ಮನ್ನು ಕತ್ತರಿಸಿ ಬಚ್ಚಲಿನ ಒಲೆಗೆ ಹಾಕಿದೆ. ಡಾಕ್ಟರು ಒಳ್ಳೆಯವರು. ಎಕ್ಸ್‌ರೇ ಕ್ಲಿಯರ್ ಇದ್ದರೂ ಮಾತ್ರೆ ಬಿಡಬೇಡಿ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಮುಂದಿನದು ನಿನಗೆ ಗೊತ್ತಿದೆ, ಆದರೆ ಅರ್ಧ. ಕಾಪುವಿನ ಟೈಲರ್ ಸದಾಶಿವನ ಮನೆಯವರು ನಿನ್ನ ಕಾಯಿಲೆಯ ಸುದ್ದಿ ಕೇಳಿ ಅನುಮಾನಪಟ್ಟಾಗ ನಾನು ಆ ಫಿಲ್ಮನ್ನೇ ಜಾತಕದ ಹಾಗೆ ಎತ್ತಿಕೊಂಡು ಹೋದೆ. ಸದಾಶಿವ ಅದರ ಮೇಲೆ ಬೆರಳಾಡಿಸಿ, "ಹೌದಲ್ವಾ, ಎಂತದೂ ಇಲ್ಲ," ಎಂದು ನಗಾಡಿದ. ಮದುವೆಯಾಯಿತು. ತಲೆಯಲ್ಲಿ ಏನೂ ಇಲ್ಲವೆಂದ ಮೇಲೆ ಮಾತ್ರೆ ಯಾಕೆಂದು ನಿನ್ನ ಅತ್ತೆ ಅದನ್ನು ತೋಡಿಗೆ ಎಸೆದಳು. ನೀನು ಬಿದ್ದಾಗ ಅಂಗಾಲಿಗೆ ಬರೆ ಎಳೆದಳು. ಸದಾಶಿವ ಬಟ್ಟೆ ಅಳೆಯುವ ಗಜಕಡ್ಡಿಯಿಂದ ಹೊಡೆಯತೊಡಗಿದ. ನಿನ್ನ ಮಗಳು ಶೈಲಾ ಹೊಟ್ಟೆಯಲ್ಲಿದ್ದಾಗಲೂ ಹೊಡೆದ.

ನೆರೆಯವರು ಹೇಳಿ ಕಳಿಸಿದ ದಿನ ನಾನು ಬಸ್ಸು ಹತ್ತಿ ಕಾಪುವಿಗೆ ಬಂದೆ. ಮಗುವನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ಕೂತಿದ್ದೆ ನೀನು, ಒಂದು ಕಣ್ಣು ತೆರೆಯಲಾಗದಷ್ಟು ಊದಿತ್ತು. ನಾನು ಅವನ ಅಂಗಡಿಗೆ ನುಗ್ಗಿದೆ. ಅವನದೇ ಗಜಕಡ್ಡಿ ಕಿತ್ತುಕೊಂಡು ಅದು ಸೀಳಿಹೋಗುವ ತನಕ ಬಾರಿಸಿದೆ. ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡೆ. ನಾಲ್ಕು ಮಂದಿ ಹಿಡಿದರೂ ನಿಲ್ಲಲಿಲ್ಲ. ಅವನ ಬಲ ಮಣಿಕಟ್ಟು ಮುರಿದದ್ದು ನನಗೆ ಕೇಳಿಸಿತು, ಸಂತೋಷವಾಯಿತು. ನೆಲಕ್ಕೆ ಬಿದ್ದಲ್ಲಿಂದಲೇ ಅವನು ಹಲ್ಲಿನ ನೆತ್ತರು ಉಗುಳಿ ಅಂದ:

"ತಲೆಯಲ್ಲಿ ಎಂತದೂ ಇಲ್ಲ ಅಂತ ತೋರಿಸಿದ್ದು ನೀವೇ ಅಲ್ವಾ? ಮತ್ತೆ ಇವಳದ್ದು ನಾಟಕ ಅಲ್ಲದೆ ಎಂತ?"

ಅದನ್ನು ಕೇಳಿ ನಾನು ಇನ್ನೂ ಜೋರಾಗಿ ಒದ್ದೆ.

ನಿನ್ನನ್ನೂ ಶೈಲಾಳನ್ನೂ ಕಾರ್ಕಳಕ್ಕೆ ಕರೆತಂದೆ. ಊರಿಗೆ ನಾನು ಹೀರೋ. ತಂಗಿಗಾಗಿ ಮದುವೆಯನ್ನೂ ಆಗಲಿಲ್ಲ ಎಂದು ಜನ ಹೊಗಳಿದರು, ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಎಂಟು ವರ್ಷ ನೀನು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಕೊನೆಗೆ ಬಚ್ಚಲ ಹಂಡೆಯ ಕುದಿನೀರು ಮೈಮೇಲೆ ಉರುಳಿ ಮೊಣಕೈತನಕ ಚರ್ಮ ಸುಲಿದು ಬಂದಾಗ ನನ್ನಿಂದ ನೋಡಲಾಗಲಿಲ್ಲ. ಬೊಂಬಾಯಿಯಲ್ಲಿ ಹೊಸ ಯಂತ್ರ ಬಂದಿದೆ ಎಂದು ಚಿಕ್ಕಪ್ಪನ ಮಗ ಬರೆದಿದ್ದ. ಹೊರಟೆವು.

ಅಲ್ಲಿ ನಮ್ಮ ಕಡೆಯವರೇ ಒಬ್ಬ ಡಾಕ್ಟರು ಸಿಕ್ಕಿದರು. ನೀನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಅವರು ಎಂಆರ್‌ಐ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನನಗೆ ಒಂದೊಂದೇ ತೋರಿಸಿದರು. ಎಡಗಡೆ, ಮೆದುಳಿನ ಮಡಿಕೆಯೊಳಗೆ, ಸಾಬೂನಿನ ನೊರೆಯ ಹಾಗೆ ಸಣ್ಣಸಣ್ಣ ಗುಳ್ಳೆಗಳ ಗುಂಪು. "ನೋಡಿ, ಸುತ್ತ ಬಾವು ಇಲ್ಲ. ಮೆದುಳಿನ ನಡುಗೆರೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಮತ್ತೆ ಇಲ್ಲಿ — ಒಳಗಿನಿಂದ ಎಲುಬನ್ನೇ ತೆಳ್ಳಗೆ ಮಾಡಿದೆ. ಹಾಗೆ ಆಗ್ಬೇಕಾದ್ರೆ ಎಷ್ಟೋ ವರ್ಷ ಬೇಕು. ಇದು ಬಹುಶಃ ಹುಟ್ಟಿನಿಂದಲೇ ಉಂಟು. ಬಹಳ ನಿಧಾನದ ಗಡ್ಡೆ, ಅಪರೂಪದ್ದು. ತೆಗೆದರೆ ಫಿಟ್ಸ್ ನಿಲ್ಲಬಹುದು."

"ಏಟಿನಿಂದ ಬಂದದ್ದಲ್ವಾ?"

"ಏಟಿಗೂ ಇದಕ್ಕೂ ಎಂತ ಸಂಬಂಧ?" ಎಂದರು. ಆಮೇಲೆ, "ಇಷ್ಟು ವರ್ಷ ಒಂದು ಎಕ್ಸ್‌ರೇ ಕೂಡಾ ತೆಗೆಸ್ಲಿಲ್ವಾ? ಇಂಥದ್ದರಲ್ಲಿ ಕೆಲವೊಮ್ಮೆ ಸುಣ್ಣದ ಚುಕ್ಕೆ ಕಾಣ್ತದೆ. ಆಗಲೇ ಗಡ್ಡೆ ತೆಗೆಸಬಹುದಿತ್ತು."

"ಎಕ್ಸ್‌ರೇ ತೆಗೆಸಿದ್ದೆವು," ಎಂದೆ. "ಎಂತದೂ ಇರ್ಲಿಲ್ಲ."

ಹೊರಗೆ ಬಂದು ನಾನು ನಕ್ಕೆ ಗಿರಿಜಾ. ಗಡ್ಡೆ ನಾನು ಹೊಡೆದದ್ದರಿಂದ ಬಂದದ್ದಲ್ಲ — ಆ ಒಂದು ಗಳಿಗೆ ನನಗೆ ಅಷ್ಟೇ ಕೇಳಿಸಿತ್ತು. ಮೆಟ್ಟಿಲು ಇಳಿಯುವಾಗ ಉಳಿದದ್ದು ಕೇಳಿಸಿತು. ಆ ಚುಕ್ಕೆ ನಿನ್ನನ್ನು ಉಳಿಸಲು ಕಾಣಿಸಿಕೊಂಡಿತ್ತು, ನಾನು ಅದನ್ನು ಸುಟ್ಟೆ. ಅಲ್ಲೇ ಕೂತೆ. ನೀನು ಬಂದು, "ಅಣ್ಣ, ಹೆದರಬೇಡಿ," ಎಂದು ನನ್ನ ಬೆನ್ನು ಸವರಿದೆ.

ಆಪರೇಶನ್ ಆಗಿ ಒಂದು ವರ್ಷವಾಯಿತು, ನೀನು ಒಮ್ಮೆಯೂ ಬೀಳಲಿಲ್ಲ. ಕಳೆದ ವಾರ ಸದಾಶಿವ ಬಂದು ನಮ್ಮ ಅಂಗಳದಲ್ಲಿ ನಿಂತದ್ದು ನೀನು ಒಳಗಿನಿಂದ ನೋಡಿದ್ದಿ. ತಪ್ಪಾಯಿತೆಂದು ಅತ್ತ. ಅವನು ನನಗೆ ಮೆಲ್ಲಗೆ ಕೇಳಿದ್ದು ಮಾತ್ರ ನಿನಗೆ ಕೇಳಿಸಿರಲಿಕ್ಕಿಲ್ಲ: "ಗಡ್ಡೆ ಮೊದಲೇ ಇದ್ದದ್ದಾದರೆ, ನೀವು ಅವತ್ತು ತೋರಿಸಿದ್ದು ಯಾರದ್ದು?" ನಾನು ಅವನ ಬಾಯಿಗೆ ಹೊಡೆದೆ. ಆ ಸೊಟ್ಟ ಮಣಿಕಟ್ಟನ್ನು ಅಡ್ಡ ಹಿಡಿದುಕೊಂಡು ಅವನು ಹಿಂದೆ ಹಿಂದೆ ಹೋದ. ನೀನು ಬಾಗಿಲಿಗೆ ಬಂದು, ನೆರೆಯವರಿಗೆಲ್ಲ ಕೇಳುವ ಹಾಗೆ, "ನನ್ನಣ್ಣ ಇಲ್ಲದಿದ್ದರೆ ಇವನು ನನ್ನನ್ನು ಕೊಂದೇ ಹಾಕುತ್ತಿದ್ದ," ಎಂದೆ. ಶೈಲಾ ಅಪ್ಪನ ಬೆನ್ನಿಗೆ ಉಗಿದಳು.

ಅವನು ಹೊಡೆದದ್ದು ಹೊಡೆದದ್ದೇ. ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅವನ ಕೈಗೆ ಧೈರ್ಯ ಕೊಟ್ಟದ್ದು ನಾನು ತೋರಿಸಿದ ಫಿಲ್ಮ್. ನಿನ್ನ ಮಗಳಿಗೆ ಆ ಉಗುಳನ್ನು ಕಲಿಸಿದವನು ನಾನು, ಅವಳು ಮಾತು ಕಲಿತಾಗಿನಿಂದ.

ಆಪರೇಶನ್ ಆದ ಮೇಲೆ ನಿನಗೆ ಓದುವುದು ನಿಧಾನ, ಸಾಲು ತಪ್ಪುತ್ತದೆ. ಆದ್ದರಿಂದ ಇದನ್ನು ನಿನ್ನ ಕೈಗೆ ಕೊಟ್ಟು ತಪ್ಪಿಸಿಕೊಳ್ಳುವುದಿಲ್ಲ. ನಾಳೆ ಮಧ್ಯಾಹ್ನ ಊಟ ಬಡಿಸುವ ಮೊದಲು — ನೀನು ಬಡಿಸಿದ್ದನ್ನು ತಿಂದು ಆಮೇಲೆ ಹೇಳಲಾರೆ — ನಾನೇ ಓದುತ್ತೇನೆ, ಮೊದಲ ಸಾಲಿನಿಂದ. ಶೈಲಾ ಶಾಲೆಯಿಂದ ಊಟಕ್ಕೆ ಬಂದಿರುತ್ತಾಳೆ. ಅವಳನ್ನು ಒಳಗೆ ಕಳಿಸಬೇಡ. ನನ್ನೆದುರಿಗೇ ಕೂರಿಸು.