ಮೂರನೇ ಕಂಬದ ಮುಳ್ಳು

ಬೆಳಿಗ್ಗೆ ಐದೂವರೆ. ಇಲಿನಾಯ್ ನದಿ ದಂಡೆಯ ಬೆಲ್‌ಫೋರ್ಡ್ ಊರು ಇನ್ನೂ ಮಗ್ಗುಲು ಬದಲಿಸುತ್ತಿದೆ. ಊರಾಚೆಯ ಜೋಳದ ಹೊಲಗಳ ನಡುವೆ ಲೊರೇನ್ ಟಟಲ್ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಇಬ್ಬನಿಯ ಹುಲ್ಲು ತುಳಿಯುತ್ತ ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದಾರೆ. ರೇಡಿಯೋ ಸ್ಟೇಷನ್ನಿನ ಮೂರು ಕಂಬಗಳು, ಒಂದೊಂದೂ ಇನ್ನೂರು ಅಡಿ. ಪ್ರತಿ ಕಂಬದ ಬುಡದ ಪೆಟ್ಟಿಗೆ ತೆರೆದು, ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎಂದು ಬರೆದಿಡುವುದು ಅವರ ನಲವತ್ತೊಂದು ವರ್ಷಗಳ ಬೆಳಗಿನ ಕೆಲಸ.

ಮೂರನೇ ಕಂಬದ ಮುಳ್ಳು ಇವತ್ತೂ ಕೆಳಗಿಳಿದಿದೆ. ಲೊರೇನ್ ಬಗ್ಗಿ ನೆಲ ನೋಡುತ್ತಾರೆ. ಹುಲ್ಲಿನ ನಡುವೆ ಹಸಿ ಮಣ್ಣಿನ ಗೆರೆ. ಬೆರಳು ಮಾಡಿ ತೋರಿಸುತ್ತಾರೆ:

"ಕಳ್ಳ ಅಗೆದ್ರೆ ಹಂದಿ ಕೆದರಿದ ಹಾಗಿರುತ್ತೆ. ಇದು ನೋಡಿ, ದಾರ ಹಿಡಿದು ಅಗೆದಿದಾರೆ. ಹಗಲು ಹೊತ್ತಲ್ಲಿ, ಯಾರೋ ಹೇಳಿ ಕಳಿಸಿದೋನ ಕೆಲಸ ಇದು."

ಪ್ರತಿ ಕಂಬದ ಬುಡದಿಂದ ಚಕ್ರದ ಕಡ್ಡಿಗಳ ಹಾಗೆ ನೂರಿಪ್ಪತ್ತು ತಾಮ್ರದ ತಂತಿಗಳು ಮಣ್ಣೊಳಗೆ ಹರಡಿಕೊಂಡಿವೆ. ಕಾಣುವುದು ಕಂಬ, ಮಾತನ್ನು ಹೊರುವುದು ಈ ಬೇರು. ಬೇರು ಕಿತ್ತರೆ ಸ್ಟೇಷನ್ನಿನ ದನಿ ಉಸುಕಿಗೆ ಸುರಿದ ನೀರಿನಂತೆ ಇಂಗಿಹೋಗುತ್ತದೆ.

1948ರಲ್ಲಿ ಪೀಠೋಪಕರಣದ ಅಂಗಡಿಯೊಂದರ ಅಟ್ಟದ ಮೇಲೆ ಶುರುವಾದ ದನಿ ಇದು. ಹಂದಿಯ ದರ, ಊರಿನ ಸಾವುಗಳು, ಹಿಮ ಬಿದ್ದ ದಿನ ಯಾವ ಶಾಲೆಗೆ ರಜೆ, ಎಲ್ಲವೂ ಇಲ್ಲಿಂದಲೇ. ನದಿ ಒಡ್ಡು ಒಡೆದ ವರ್ಷ ಮೂರು ದಿನ ಬಾಯಿ ಮುಚ್ಚದೆ ಯಾವ ಬೀದಿಯವರು ಹೊರಡಬೇಕೆಂದು ಹೇಳಿದ್ದೂ ಇದೇ. ಫೋನ್ ಎತ್ತುವ ಕೆಲಸಕ್ಕೆ ಸೇರಿದ ಲೊರೇನ್‌ಗೆ ಮೀಟರು ಓದಲು ಕಲಿಸಿದವರು ಹಳೆಯ ಇಂಜಿನಿಯರ್ ಆರ್ವಿಲ್ ಹಾಸ್. ಆಗ ಹನ್ನೊಂದು ಜನ ಕೆಲಸಕ್ಕಿದ್ದರು. ಈಗ ಲೊರೇನ್, ಮತ್ತು ಬೆಳಗಿನ ಸುದ್ದಿ ಓದುವ ಗ್ಲೆನ್. ಮಿಕ್ಕ ಹೊತ್ತೆಲ್ಲ ಬೆಲ್‌ಫೋರ್ಡ್ ಯಾವ ದಿಕ್ಕಿಗಿದೆ ಎಂದೂ ತಿಳಿಯದ ದೂರದ ಮಾತುಗಾರರ ಚರ್ಚೆ-ಜಗಳ ಉಪಗ್ರಹದಿಂದ ಸುರಿಯುತ್ತದೆ.

ಸ್ಟೇಷನ್ ಐದು ಸಲ ಕೈ ಬದಲಿಸಿದೆ. ಪ್ರತಿ ಹೊಸ ಒಡೆಯನೂ ಬರುವಾಗ ಕೇಕ್ ತಂದಿದ್ದಾನೆ. "ಕೇಕ್ ಬಂತು ಅಂದ್ರೆ ಯಾರದೋ ಕುರ್ಚಿ ಹೋಯ್ತು ಅಂತ್ಲೇ ಲೆಕ್ಕ," ಎನ್ನುತ್ತಾರೆ ಲೊರೇನ್. ಈಗಿನ ಒಡೆಯ ದೂರದೂರಿನ ಒಂದು ಕಂಪನಿ. ಮೂರು ವಾರದ ಹಿಂದೆ ಬೇಲಿಯುದ್ದಕ್ಕೂ ಜಾಗ ಅಳೆದು ಗುರುತಿಗೆ ನೆಟ್ಟ, ಕೆಂಪು ಬಟ್ಟೆ ಕಟ್ಟಿದ ಗೂಟಗಳು ಎದ್ದಿವೆ. ಯಾರು ನೆಟ್ಟರು ಎಂದು ಕೇಳಿದರೆ ಕಂಪನಿಯ ಮ್ಯಾನೇಜರ್ ಬ್ರೆಂಟ್‌ಗೆ ಗೊತ್ತಿಲ್ಲ. ಮಣ್ಣು ಯಾರು ಅಗೆದರು ಎಂದರೆ, "ಹೆಗ್ಗಣ ಇರ್ಬೇಕು ಮೇಡಂ."

"ತಾಮ್ರ ತಿನ್ನೋ ಹೆಗ್ಗಣ ನಾನು ಕಂಡಿಲ್ಲ," ಲೊರೇನ್ ಗೇಟಿಗೆ ಬೀಗ ಜಡಿಯುತ್ತಾರೆ. "ಟೈ ಕಟ್ಕೊಂಡಿದ್ರೆ ಹೇಳೋಕಾಗಲ್ಲ."

ಒಂಬತ್ತೂ ಐದಕ್ಕೆ 'ಕೊಡು-ಕೊಳ್ಳು'. ಬೇಡದ್ದನ್ನು ಮಾರುವವರು, ಬೇಕಾದ್ದನ್ನು ಹುಡುಕುವವರು ಫೋನ್ ಮಾಡುವ ಕಾರ್ಯಕ್ರಮ. ತೊಟ್ಟಿಲಿನಿಂದ ಹಿಡಿದು ಸತ್ತ ಗಂಡನ ಸೂಟಿನವರೆಗೆ ಈ ಊರಿನಲ್ಲಿ ಏನು ಮಾರಬೇಕಿದ್ದರೂ ಇಲ್ಲಿಗೇ ಬರಬೇಕು. ಲೊರೇನ್ ಹೆಡ್‌ಫೋನ್ ಏರಿಸುತ್ತಾರೆ. ನಾಲ್ಕನೇ ಕರೆ, ಗುಂಡಿ ತೋಡುವ ರೋಲಿ ಬೀಮರ್.

"ಏನು ರೋಲಿ, ಕಳೆದ ವಾರದ ಮೇಕೆ ಹೋಯ್ತಾ?"

"ಹೋಯ್ತು ತಾಯಿ, ಮಾರನೇ ದಿನ ಅದೇ ವಾಪಸ್ ಬಂತು. ಇವತ್ತು ತಾಮ್ರದ ತಂತಿ ಇದೆ. ಆರು ಸುರುಳಿ. ಮಣ್ಣಲ್ಲಿದ್ದು ಸ್ವಲ್ಪ ಹಸಿರು ಕಟ್ಟಿದೆ, ಉಜ್ಜಿದ್ರೆ ಹೋಗುತ್ತೆ."

ಲೊರೇನ್ ಮೈಕಿನತ್ತ ಬಾಗುತ್ತಾರೆ. "ಎಲ್ಲಿ ಅಗೆದೆ?"

"ಅದೇ, ನಿಮ್ಮ ಮೂರನೇ ಕಂಬದ ಹತ್ರ. ಬ್ರೆಂಟ್ ಸಾಹೇಬ್ರು ಹೇಳಿದ್ರಲ್ಲ, ಹಿಮ ಬೀಳೋ ಮೊದ್ಲು ಸ್ಟೇಷನ್ ಮುಚ್ಚುತ್ತೆ, ಜಾಗ ಗೋದಾಮಿನೋರಿಗೆ ಅಂತ. ಕೂಲಿ ಬದ್ಲು ತಂತಿ ಇಟ್ಕೋ, ಯಾರಿಗೂ ಹೇಳ್ಬೇಡ ಅಂದ್ರು. ನಿಮಗೆ ಗೊತ್ತಿರುತ್ತೆ ಅನ್ಕೊಂಡೆ."

ಲೊರೇನ್ ಮುಂದಿದ್ದ ಮಾರಾಟದ ಪಟ್ಟಿಯಲ್ಲಿ ತಂತಿಯ ಸಾಲನ್ನು ಹೊಡೆದುಹಾಕುತ್ತಾರೆ.

"ಆ ತಂತಿ ಮಾರಾಟಕ್ಕಿಲ್ಲ," ಎನ್ನುತ್ತಾರೆ. "ರೋಲಿ, ಅಗೆದ ಗುದ್ದಲಿ ಇನ್ನೂ ಇದೆಯಾ?"

"ಇದೆ."

"ಮಧ್ಯಾಹ್ನ ತಂತಿ ಸಮೇತ ತಗೊಂಡ್ ಬಾ. ಮುಂದಿನ ಕರೆ."

ಮುಂದಿನವರು ತೊಟ್ಟಿಲು ಮಾರಲು ಕಾದಿದ್ದ ಮುದುಕಿ. ತೊಟ್ಟಿಲ ಮಾತೇ ಎತ್ತದೆ, "ನಮ್ಮನೇಲಿ ಎರಡು ಗುದ್ದಲಿ ಇದಾವೆ ಲೊರೇನ್. ಗೇಟ್ ಎಷ್ಟು ಹೊತ್ತಿಗೆ ತೆಗೀತೀಯ?" ಎಂದು ಕೇಳುತ್ತಾಳೆ.

ಮಧ್ಯಾಹ್ನ ಹದಿನೇಳು ಜನ ಹೊಲದಲ್ಲಿದ್ದಾರೆ. ರೋಲಿ ಯಾರ ಮುಖವನ್ನೂ ನೋಡದೆ ಅಗೆಯುತ್ತಾನೆ. ಲೊರೇನ್ ಮಂಡಿಯೂರಿ ಒಂದೊಂದೇ ತಂತಿಯನ್ನು ಮತ್ತೆ ಕಂಬದ ಬುಡಕ್ಕೆ ಬೆಸೆಯುತ್ತಾರೆ. ಸಂಜೆ ಮುಳ್ಳು ಎರಡು ಗೆರೆ ಏರುತ್ತದೆ. ಹಳೆಯ ಮಟ್ಟಕ್ಕೆ ಇನ್ನೂ ಮೂರು ಗೆರೆ ಬಾಕಿ.

ಮರುದಿನ ಕಂಪನಿಯಿಂದ ಕಾಗದ ಬರುತ್ತದೆ: ಸ್ಟೇಷನ್ ಮುಚ್ಚುವ ಯೋಚನೆಯೇ ಇಲ್ಲ, ತಪ್ಪು ತಿಳಿವಳಿಕೆಯಾಗಿದೆ. ಜೊತೆಗೊಂದು ಕೇಕ್. ಬೇಲಿಯ ಗೂಟಗಳನ್ನು ಯಾರೂ ಕಿತ್ತಿಲ್ಲ.

ಕೇಕಿನ ಡಬ್ಬಿಯ ದಾರವನ್ನೂ ಲೊರೇನ್ ಬಿಚ್ಚಿಲ್ಲ. ಗೇಟಿಗೆ ತಾವೇ ಹಾಕಿದ ಹೊಸ ಬೀಗದ ಕೀಲಿ ಅವರ ಕೊರಳಲ್ಲಿದೆ. ನಿಮಗೇನು ಬೇಕು ಎಂದು ಕೇಳಿದರೆ ಬೂಟಿನ ಮಣ್ಣು ಕೆರೆಯುತ್ತ ಹೇಳುತ್ತಾರೆ:

"ಊರಲ್ಲಿ ಸತ್ತೋರ ಹೆಸರು ಏಳೂ ಇಪ್ಪತ್ತಕ್ಕೆ ಓದ್ತೀವಲ್ಲ, ನನ್ನದನ್ನೂ ಅದೇ ಹೊತ್ತಿಗೆ ಇಲ್ಲೇ ಓದ್ಬೇಕು. ಅಷ್ಟೇ. ಓದಿದ್ರೋ ಇಲ್ವೋ ಅಂತ ನಾನು ಅಲ್ಲಿಂದ್ಲೂ ಕೇಳಿಸ್ಕೊಳ್ತಿರ್ತೀನಿ."