ತಮ್ಮನಿಗೊಂದು ಹಾಸಿಗೆ

ಉತ್ತರ ಕೆರೊಲಿನಾದ ಲಂಬರ್ ನದಿಯ ಸೀಮೆಯಲ್ಲಿ ಡವಿ ಚೇವಿಸ್ ಶಾಲೆಯ ಬಸ್ಸು ಓಡಿಸುತ್ತಲೇ ಮುದುಕಿಯಾದವಳು. ತಲೆ ಸರಿಯಿಲ್ಲದ ತಮ್ಮ ರೂಫಸ್‌ನನ್ನು ತಾಯಿ ಸಾಯುವಾಗ ಇವಳ ಕೈಗೆ ಒಪ್ಪಿಸಿದ್ದಳು. ಮಾತ್ರೆ ನುಂಗಿದರೆ ಅವನು ಹಿತ್ತಲಲ್ಲಿ ಸೊಪ್ಪು ಬೆಳೆಯುತ್ತಿದ್ದ, ಹಾಡುತ್ತಿದ್ದ. ಬಿಟ್ಟರೆ ಗೋಡೆಯ ಜೊತೆ ಜಗಳ.

ಒಂದು ಚಳಿಗಾಲ ಮಾತ್ರೆ ಬಿಟ್ಟವನು ಕಿಟಕಿಯಿಂದ ಚರ್ಚಿನೊಳಗೆ ನುಸುಳಿ ಮಲಗಿಬಿಟ್ಟ. ಪೊಲೀಸರು ಹಿಡಿದೊಯ್ದರು. ವಿಚಾರಣೆ ಅರ್ಥವಾಗುವ ಸ್ಥಿತಿಯಲ್ಲಿ ಇವನಿಲ್ಲ, ಮೊದಲು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಎಂದರು ನ್ಯಾಯಾಧೀಶರು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿರಲಿಲ್ಲ. ಖಾಲಿಯಾಗುವವರೆಗೆ ಜೈಲೇ ಗತಿ.

ಜೈಲಿನ ಕಾವಲುಗಾರ ಟೆರಿಲ್ ಚಿಕ್ಕಂದಿನಲ್ಲಿ ಡವಿಯ ಬಸ್ಸಿನಲ್ಲೇ ಓಡಾಡಿದವನು.

"ಇವತ್ತಾದ್ರೂ ಆಸ್ಪತ್ರೆಯೋರು ಏನಾದ್ರೂ ಹೇಳಿದ್ರೇನಪ್ಪಾ?"

"ಇಲ್ಲ ಮಿಸ್ ಡವಿ. ಹಾಸಿಗೆಗೆ ಕಾಯೋರ ಸಾಲಲ್ಲಿದಾನೆ ಅಂತಾರೆ."

"ನಿನ್ನನ್ನ ನಾನು ಹೀಗೆ ರಸ್ತೇಲಿ ಕಾಯಿಸಿದ್ರೆ ನಿಮ್ಮಮ್ಮ ಸುಮ್ನೆ ಬಿಡ್ತಿದ್ಲಾ?"

ಟೆರಿಲ್ ಭೇಟಿಯ ಪುಸ್ತಕವನ್ನು ಸಹಿಗೆಂದು ಅವಳ ಮುಂದೆ ಸರಿಸಿದ.

ಸರ್ಕಾರವೇ ರೂಫಸ್‌ಗೆ ಕೊಟ್ಟಿದ್ದ ವಕೀಲೆ ಮಾರ್ಲಾ ಸಮಾಧಾನ ಹೇಳಲು ಹೋದಳು. "ನಮ್ಮ ರಾಜ್ಯದ ಸಂವಿಧಾನದಲ್ಲೇ ಇದೆಯಮ್ಮಾ. ಬಡವರನ್ನ, ದಿಕ್ಕಿಲ್ಲದೋರನ್ನ ನೋಡ್ಕೊಳ್ಳೋದು ಸರ್ಕಾರದ ಮೊದಲ ಕರ್ತವ್ಯಗಳಲ್ಲೊಂದು ಅಂತ. ಜೈಲು, ಶಿಕ್ಷೆ ವಿಷಯ ಇರೋ ಅಧ್ಯಾಯದಲ್ಲೇ."

"ಅದೇ ಎಡವಟ್ಟಾಗಿರೋದು. ಎರಡೂ ಒಂದೇ ಅಂದ್ಕೊಂಡಿದಾರೆ."

ಶಾಸಕರು ಊರಿಗೆ ಬಂದಾಗ ಡವಿ ಸಭೆಯಲ್ಲಿ ಎದ್ದು ನಿಂತಳು. ನಿಮ್ಮ ನೋವು ನನಗೆ ಅರ್ಥವಾಗುತ್ತೆ ಎಂದರು ಅವರು.

"ನಿಮಗೆ ಅರ್ಥ ಆದ್ರೆ ಅವನಿಗೆ ನಿದ್ದೆ ಬರುತ್ತಾ ಸ್ವಾಮಿ?" ಎಂದಳು. ಜನ ಚಪ್ಪಾಳೆ ತಟ್ಟಿದರು. ಶಾಸಕರು ಮುಂದಿನ ಪ್ರಶ್ನೆಗೆ ಹೋದರು.

ಬೇಸಿಗೆಯಲ್ಲಿ ಅಂತೂ ಹಾಸಿಗೆ ಸಿಕ್ಕಿತು. ರೂಫಸ್ ಚೇತರಿಸಿಕೊಂಡು ಅಕ್ಕನ ಹೆಸರು ಹಿಡಿದು ಕರೆದ. ಚೇತರಿಸಿಕೊಂಡನಲ್ಲ, ಇನ್ನು ವಿಚಾರಣೆಗೆ ಬರಲಿ ಎಂದು ಮತ್ತೆ ಜೈಲಿಗೆ ತಂದರು. ಅಲ್ಲಿ ಆಸ್ಪತ್ರೆಯ ಮಾತ್ರೆ ಇರಲಿಲ್ಲ. ವಿಚಾರಣೆಯ ದಿನ ಬರುವಷ್ಟರಲ್ಲಿ ಅವನು ಪುನಃ ಗೋಡೆಯ ಜೊತೆ ಮಾತಿಗಿಳಿದಿದ್ದ. ಮತ್ತೆ ಆಸ್ಪತ್ರೆಯ ಆದೇಶ, ಮತ್ತೆ ಸಾಲಿನ ತುದಿ.

ಶಿಕ್ಷೆಯೇ ಆಗಿದ್ದರೂ ಇಷ್ಟು ಕಾಲ ಒಳಗಿರುತ್ತಿರಲಿಲ್ಲ ಎಂದು ಮಾರ್ಲಾ ಹಟ ಹಿಡಿದ ಮೇಲೆ ಮೊಕದ್ದಮೆ ಕೈಬಿಟ್ಟರು. ಗಡ್ಡ ಬೆಳೆದ ರೂಫಸ್‌ನನ್ನು ಟೆರಿಲ್ ಹೊರಗೆ ಕರೆತಂದ. ಅಕ್ಕನ ಗುರುತು ಅವನಿಗೆ ಹತ್ತಲಿಲ್ಲ. ಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿಯನ್ನು ವಿಷವೆಂದು ದೂಡಿದ.

ಡವಿ ಆಸ್ಪತ್ರೆಗೆ ಫೋನು ಹಚ್ಚಿದಳು.

"ಮೊಕದ್ದಮೆ ಮುಗಿದಿದ್ರಿಂದ ಆ ಸಾಲಿಂದ ಹೆಸರು ತೆಗೆದಿದೀವಮ್ಮಾ," ಎಂದಿತು ಆ ಕಡೆಯ ದನಿ. "ಮೊಕದ್ದಮೆ ಇಲ್ಲದೋರದ್ದು ಬೇರೆ ಸಾಲು."

ಡವಿಗೆ ಫೋನನ್ನು ಗೋಡೆಗೆಸೆಯಬೇಕೆನ್ನಿಸಿತು. ಎಸೆಯಲಿಲ್ಲ.

"ಹಾಗಾದ್ರೆ ಅದಕ್ಕೆ ಬರ್ಕೊಳ್ಳಿ," ಎಂದಳು. "ರೂಫಸ್ ಚೇವಿಸ್. ನಾನು ಅವನ ಅಕ್ಕ."