ದಿನಕ್ಕೆ ಅರವತ್ತು ಊದು

ಗಿರಿಧರನ ಕೆಲಸ ಏನೆಂಬುದು ಅವನ ಅಪ್ಪ ರಘುರಾಮರಾಯರಿಗೆ ಎರಡು ವರ್ಷವಾದರೂ ಅರ್ಥವಾಗಿರಲಿಲ್ಲ. ರೈಲ್ವೆಯಲ್ಲಿ ಮೂವತ್ತಾರು ವರ್ಷ ದುಡಿದು ಚೆನ್ನೈಯಲ್ಲೇ ನಿವೃತ್ತರಾದವರು ಅವರು. ಮಗ ಬಿಡಿಸಿ ಬಿಡಿಸಿ ಹೇಳಿದ ಮೇಲೆ ಒಂದು ಸಲ ಸಮಾಧಾನವಾಗಿ ತಲೆಯಾಡಿಸಿದರು.

"ಗೊತ್ತಾಯ್ತು ಬಿಡು. ಟ್ರಾಫಿಕ್ ಪೊಲೀಸ್ನೋರು ಕುಡುಕರನ್ನ ಊದಿಸ್ತಾರೆ, ನೀನು ಮಕ್ಕಳನ್ನ ಊದಿಸ್ತೀಯ."

ಗಿರಿಧರ ಜಗಳಕ್ಕೆ ಹೋಗಲಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದದ್ದಕ್ಕಿಂತ ಇದೇ ಹೆಚ್ಚು ನಿಜವಾಗಿತ್ತು.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಯ ಮಕ್ಕಳ ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ ಕೂರುತ್ತದೆ. ದಿನವೂ ಒಂದು ಬಿಗಿ ಕೊಳವೆಯಲ್ಲಿ ಊದಿ, ಕೆಮ್ಮಿ, ಅದನ್ನು ಸಡಿಲಿಸಿ ಹೊರಹಾಕಬೇಕು. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು ಊದು. ಒಂದು ದಿನ ಬಿಟ್ಟರೆ ಏನೂ ಕಾಣುವುದಿಲ್ಲ, ಒಂದು ತಿಂಗಳು ಬಿಟ್ಟರೆ ಆಸ್ಪತ್ರೆಯೇ ಗತಿ. ಗಿರಿಧರನ ಕಂಪನಿ ಮನೆಮನೆಗೆ ಕೊಟ್ಟ ಕೊಳವೆ ಪ್ರತಿ ಊದನ್ನೂ ಎಣಿಸಿ ವೇಲಚೇರಿಯ ಆಫೀಸಿಗೆ ಕಳಿಸುತ್ತಿತ್ತು. ಅರವತ್ತು ತುಂಬಿದರೆ ಪರದೆಯ ಮೇಲೆ ಮಗುವಿನ ಹೆಸರಿನ ಮುಂದೆ ಹಸಿರು ಚುಕ್ಕಿ, ಇಲ್ಲದಿದ್ದರೆ ಕೆಂಪು. ಕೆಂಪಿನವರಿಗೆ ಫೋನ್ ಮಾಡುವುದು ಅವನ ಕೆಲಸ. ಕನ್ನಡ ಬರುತ್ತದೆಂಬ ಏಕೈಕ ಯೋಗ್ಯತೆಯ ಮೇಲೆ ಚೆನ್ನೈಯಿಂದ ಬೆಂಗಳೂರಿನವರೆಗಿನ ಹನ್ನೊಂದು ಕನ್ನಡದ ಮನೆಗಳು ಅವನ ಪಾಲಿಗೆ ಬಂದಿದ್ದವು.

ಅವನಿಗೂ ಒಂದು ಚುಕ್ಕಿಯಿತ್ತು. ಹನ್ನೊಂದರಲ್ಲಿ ಎಂಟು ಹಸಿರಾದರೆ ಮೇಲಧಿಕಾರಿ ವಂದನಾ ಮೇಡಂ ಪರದೆಯಲ್ಲಿ ಅವನೂ ಹಸಿರು. ಆಫೀಸಿನ ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದ ಈ ಮಹಾನುಭಾವ, ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, ಮಕ್ಕಳಿಗೆ ಉಸಿರಿನ ಶಿಸ್ತು ಬೋಧಿಸುತ್ತಿದ್ದ.

ಅವನ ಪಟ್ಟಿಯಲ್ಲಿ ಪ್ರಣಮ್ಯಾ ಎಂಬ ಎಂಟು ವರ್ಷದ ಹುಡುಗಿಯಿದ್ದಳು. ಅವಳ ಅಪ್ಪ ಭೋಜರಾಜ ಉಡುಪಿ ಕಡೆಯವನು, ಚೆನ್ನೈಯ ಅಡ್ಯಾರಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆಯವನು. ಮಗುವಿಗೆ ಹತ್ತು ತಿಂಗಳಾಗಿದ್ದಾಗ ಹಣೆಗೆ ಮುತ್ತಿಟ್ಟು "ಇವಳಲ್ಲಿ ಉಪ್ಪು ಜಾಸ್ತಿ ಉಂಟು" ಎಂದು ಮೊದಲು ಹೇಳಿದವನು ಅವನೇ. ದಿನಕ್ಕೆ ನಾಲ್ಕು ಹಂಡೆ ಸಾಂಬಾರಿನ ಉಪ್ಪು ನೋಡುವ ನಾಲಗೆ ಅದು. ಈ ಕಾಯಿಲೆಯವರ ಬೆವರು ಉಪ್ಪುಪ್ಪಾಗಿರುತ್ತದೆ. ಆದರೆ ಅಡುಗೆಯವನ ನಾಲಗೆಯನ್ನು ಡಾಕ್ಟರುಗಳು ನಂಬುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಜನವರಿಯಲ್ಲಿ ಪ್ರಣಮ್ಯಾಳ ಹೆಸರಿನ ಮುಂದೆ ಸಾಲಾಗಿ ಐದು ಕೆಂಪು ಬಿದ್ದವು. ಗಿರಿಧರ ಫೋನ್ ಮಾಡಿ ನಿಯಮ ಒಪ್ಪಿಸಿದ: ತಿಂಗಳಿಗೆ ಹತ್ತು ಕೆಂಪು ದಾಟಿದರೆ ಕೊಳವೆ ವಾಪಸ್, ಕಾಯುತ್ತಿರುವ ಮುಂದಿನ ಮಗುವಿಗೆ. ಅಷ್ಟಕ್ಕೇ ನಿಲ್ಲಿಸದೆ ಒಂದು ಮಾತು ಸೇರಿಸಿದ.

"ಹೇಗಾದ್ರೂ ಮಾಡಿ ಹಸಿರು ಮಾಡ್ಬಿಡಿ ಭೋಜಣ್ಣ."

ಭೋಜಣ್ಣ ಮಾಡಿದ. ಅಂದಿನಿಂದ ಐದು ತಿಂಗಳು ಒಂದೂ ಕೆಂಪಿಲ್ಲ. ಊದಿನ ಗ್ರಾಫೋ, ಮೊದಲ ಕೆಲವು ಸಣ್ಣ ಉಬ್ಬು ಬಿಟ್ಟರೆ, ತಟ್ಟೆಯಲ್ಲಿ ಬೆಂದ ಇಡ್ಲಿಗಳ ಹಾಗೆ ಸಾಲಾಗಿ ಒಂದೇ ಅಳತೆಯ ದಿಬ್ಬಗಳು. ಗಿರಿಧರ ಅದನ್ನು ಮೀಟಿಂಗಿನಲ್ಲಿ ಗೋಡೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ. ಬೇರೆ ಮನೆಯವರಿಗೆ ಫೋನಿನಲ್ಲಿ ಉದಾಹರಣೆ ಕೊಟ್ಟ: "ಒಬ್ಬ ಹೋಟೆಲ್ ಕೆಲಸದವರ ಮಗಳು ಮಾಡ್ತಾಳೆ ಸಾರ್, ನಿಮ್ಮ ಮಗನಿಗೇನು?"

ಇಷ್ಟಾದರೂ ಹುಡುಗಿಯ ಶ್ವಾಸಕೋಶದ ಬಲ ಪರೀಕ್ಷೆಯಿಂದ ಪರೀಕ್ಷೆಗೆ ಇಳಿಯುತ್ತಿತ್ತು. ಡಾಕ್ಟರು ಗಿರಿಧರನ ಹಸಿರು ಪಟ್ಟಿ ನೋಡಿ, ವ್ಯಾಯಾಮದಲ್ಲಿ ಲೋಪವಿಲ್ಲ, ಕಾಯಿಲೆಯೇ ಹಟಮಾರಿ ಎಂದು ತೀರ್ಮಾನಿಸಿ ಔಷಧಿ ಏರಿಸಿದರು. ಅದು ಹೊಟ್ಟೆಗೆ ಒಗ್ಗದೆ ಹುಡುಗಿ ಎರಡು ಕಿಲೋ ಇಳಿದಳು.

ಜೂನ್ ತಿಂಗಳ ಒಂದು ಬುಧವಾರ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಗುರುವಾರ ಸಂಜೆ ಅವಳ ಹೆಸರಿನ ಮುಂದೆ ಹಸಿರು ಚುಕ್ಕಿ ಬೆಳಗಿತು.

ಗಿರಿಧರ ಫೋನ್ ಮಾಡಿದ. "ಭೋಜಣ್ಣ, ಕೊಳವೆ ಆಸ್ಪತ್ರೆಗೆ ತಗೊಂಡು ಹೋಗಿದೀರಾ?"

"ಇಲ್ಲ ಸಾರ್, ಮನೆಯಲ್ಲೇ ಉಂಟು."

"ಮತ್ತೆ ಊದಿದ್ದು ಯಾರು?"

ಆ ಕಡೆ ಪಾತ್ರೆಯ ಮುಚ್ಚಳ ಇಟ್ಟ ಸದ್ದು. "ನಾನೇ ಮಾರಾಯ್ರೆ. ಕೆಂಪು ಬಿದ್ರೆ ನೀವು ಫೋನ್ ಮಾಡ್ತೀರಲ್ಲ."

"ಇವತ್ತು ಮಾತ್ರಾನಾ?"

"ದಿನಾ ಅವಳೇ ಸುರು ಮಾಡುದು. ಹತ್ತೋ ಹನ್ನೆರಡೋ ಊದ್ತಾಳೆ, ಮತ್ತೆ ಆಗುದಿಲ್ಲ, ತಿಂದದ್ದೆಲ್ಲ ಕಕ್ಕಿ ಬಿಡ್ತಾಳೆ. ಬಾಳೆಲೆಯಲ್ಲಿ ಮಗು ಬಿಟ್ಟದ್ದನ್ನು ಅಪ್ಪ ತಿಂದು ಮುಗಿಸುದಿಲ್ವಾ ಸಾರ್? ಹಾಗೇ. ಬಾಕಿದ್ದು ನಾನು ಮುಗಿಸ್ತೇನೆ. ಮದುವೆ ಅಡುಗೆಗೆ ಹೋದಲ್ಲಿ ಸೌದೆ ಒಲೆ ಊದಿ ಊದಿ ನಂಗೆ ಅಭ್ಯಾಸ ಉಂಟು."

ಗಿರಿಧರನಿಗೆ ಆ ಇಡ್ಲಿ ದಿಬ್ಬಗಳು ನೆನಪಾದವು. ಎಂಟು ವರ್ಷದ, ಇಪ್ಪತ್ತು ಕಿಲೋದ ಹುಡುಗಿಯ ಉಸಿರು ಅಷ್ಟು ದಪ್ಪಗಿರುವುದು ಸಾಧ್ಯವೇ ಎಂದು ಅವನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಸುಮ್ಮನಿದ್ದರೆ ಕೊಳವೆ ಉಳಿಯುತ್ತಿತ್ತು, ಔಷಧಿ ಇನ್ನೂ ಏರುತ್ತಿತ್ತು. ಹೇಳಿದರೆ ಔಷಧಿ ಇಳಿಯುತ್ತಿತ್ತು, ಐದು ತಿಂಗಳ ಹಸಿರೆಲ್ಲ ಕೆಂಪಾಗಿ ಕೊಳವೆ ಹೋಗುತ್ತಿತ್ತು. ತನ್ನ ಚುಕ್ಕಿಯ ಯೋಚನೆಯೂ ಈ ಲೆಕ್ಕದ ನಡುವೆ ಒಮ್ಮೆ ಇಣುಕಿತೆಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಶುಕ್ರವಾರ ಡಾಕ್ಟರಿಗೆ ಹೇಳಿದ. ಡಾಕ್ಟರು ಔಷಧಿ ಇಳಿಸಿದರು. ಆದರೆ ಐದು ತಿಂಗಳು ಕೂತ ಕಫದಿಂದ ಬಲ ಶ್ವಾಸಕೋಶದ ಕೆಳಭಾಗ ಮುಚ್ಚಿಹೋಗಿದೆ, ಅದು ಮತ್ತೆ ತೆರೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಅವನು ಎಲ್ಲವನ್ನೂ ಒಪ್ಪಿಸಿದ ಮೇಲೆ ವಂದನಾ ಮೇಡಂ ಗ್ರಾಫನ್ನು ತೆರೆದು ನೋಡಿದರು. "ಐದು ತಿಂಗಳು ನಿಂಗೆ ಡೌಟೇ ಬರ್ಲಿಲ್ವಾ ಗಿರಿ?"

"ಚೆನ್ನಾಗಿತ್ತು ಮೇಡಂ."

"ಚೆನ್ನಾಗಿತ್ತಂತೆ! ರೂಲ್ ನಂದಲ್ಲಪ್ಪ. ವೆಯ್ಟಿಂಗಲ್ಲಿ ಹದಿನಾಲ್ಕು ಮಕ್ಕಳಿದಾರೆ. ಹೋಗಿ ತಗೊಂಡು ಬಾ."

"ನಾನೇನಾ?"

"ಹಸಿರು ಮಾಡಿ ಅಂದಿದ್ದು ನೀನೇ ಅಲ್ವಾ?"

ಪ್ರಣಮ್ಯಾ ಮನೆಗೆ ಬಂದ ಮೂರನೆಯ ದಿನ ಗಿರಿಧರ ಅವರಲ್ಲಿಗೆ ಹೋದ. ವೇಲಚೇರಿಯ ರೈಲು ನಿಲ್ದಾಣದ ಹಿಂದೆ, ಮೊದಲನೆಯ ಮಹಡಿಯಲ್ಲಿ ಒಂದೂವರೆ ಕೋಣೆ. ಅವಳ ಅಮ್ಮ ಸರಸ ಕೊಳವೆಯನ್ನು ತೊಳೆದು, ಒರೆಸಿ, ಹೊಸ ಟವೆಲಿನಲ್ಲಿ ಸುತ್ತಿಟ್ಟಿದ್ದಳು. ಯಾರೂ ಬೈಯಲಿಲ್ಲ. ಕಾಫಿ ಕೊಟ್ಟರು.

"ಅಪ್ಪಾ, ಇನಿಮೇ ಊದ ವೇಣಾಮಾ?" ಇನ್ನು ಊದುವುದೇ ಬೇಡವಾ ಎಂದು ಹುಡುಗಿ ಶಾಲೆಯ ತಮಿಳಿನಲ್ಲೇ ಕೇಳಿದಳು. ಮುಖದಲ್ಲಿ ರಜೆ ಸಿಕ್ಕ ಸಂತೋಷ.

"ಊದ್ಬೇಕು ಮಗಾ. ಇದ್ರಲ್ಲಿ," ಎಂದು ಭೋಜರಾಜ ನೀರು ತುಂಬಿದ ಬಾಟಲಿ ತಂದ. ಮುಚ್ಚಳಕ್ಕೆ ತೂತು ಮಾಡಿ ಉದ್ದನೆಯ ನಳಿಕೆ ಇಳಿಸಿದ್ದ. ಆಸ್ಪತ್ರೆಯ ಫಿಸಿಯೋದವರು ಹೇಳಿಕೊಟ್ಟದ್ದು.

ಅವಳು ಊದಿದಳು. ನೀರಿನಲ್ಲಿ ಗುಳ್ಳೆಗಳು ಗುಳುಗುಳು ಎದ್ದವು. ಗಿರಿಧರ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸಿದ. ಏಳಾಯಿತು, ಎಂಟಾಯಿತು. ಒಂಬತ್ತಕ್ಕೆ ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಅವಳು ಬಾಟಲಿಯನ್ನು ಅಪ್ಪನ ಕಡೆಗೆ ಚಾಚಿದಳು. ದಿನಾ ಚಾಚುತ್ತಿದ್ದ ಹಾಗೆ.

ಭೋಜರಾಜ ಅದನ್ನು ತೆಗೆದುಕೊಂಡ. ನಳಿಕೆಯನ್ನು ತುಟಿಯವರೆಗೆ ತಂದ. ಮತ್ತೆ ಗಿರಿಧರನ ಮುಖ ನೋಡಿದ, ಟವೆಲಿನ ಗಂಟು ನೋಡಿದ, ಬಾಟಲಿಯನ್ನು ಕೆಳಗಿಟ್ಟ. ಉಳಿದ ಇಪ್ಪತ್ತೆರಡು ಊದು ಅಲ್ಲೇ ಉಳಿದವು.